ಗಾಲಿಯ ಮೇಲಿನ ಅಡಿಗೆಮನೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ಬೆಳಗಿನ ಹೊತ್ತು ನಿಂತು ನೋಡಿದವರಿಗೆ ನಾನು ಹೇಳಹೊರಟಿರುವ ವಿಷಯ ಹೊಸದೇನೂ ಅಲ್ಲ. ಕನಕಪುರ, ಮಾಗಡಿ, ಚನ್ನಪಟ್ಟಣಗಳ ಕಡೆಯಿಂದ ಗೂಡು ತಂದ ರೈತರು ಒಂದು ಪುಟ್ಟ ವ್ಯಾನಿನ ಸುತ್ತ ನಿಂತು ಇಡ್ಲಿ ತಿನ್ನುತ್ತಿರುತ್ತಾರೆ. ಆ ವ್ಯಾನು ನನ್ನ ಸೋದರಮಾವನದು. ಅದರ ಗಳಿಕೆಯಿಂದಲೇ ನನ್ನ ಕಾಲೇಜಿನ ಶುಲ್ಕ ಸಂದಾಯವಾಗುತ್ತದೆ. ಆದುದರಿಂದ ಇಂಥ ವ್ಯಾನುಗಳನ್ನು ನಿಷೇಧಿಸಬೇಕೆಂದು ನಾನು ಹೇಳಲಾರೆ. ಆದರೆ ಅವುಗಳಲ್ಲಿ ಅನಿಲ ಬಳಸುವ ಕ್ರಮ ಬದಲಾಗಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಳೆದ ವರ್ಷ ಒಂದು ಮುಂಜಾನೆ ವ್ಯಾನಿನ ಬಾಗಿಲು ತೆರೆದೊಡನೆ ಗಪ್ಪನೆ ವಾಸನೆ ಹೊಡೆಯಿತು. ಮಾವ ಬೆಂಕಿಕಡ್ಡಿ ಗೀರುವುದರಲ್ಲಿದ್ದರು. ನಾನು ಕೈಹಿಡಿದು ತಡೆದೆ. ಆಮೇಲೆ ನೋಡಿದರೆ, ರಬ್ಬರ್ ಕೊಳವೆ ಹಾದುಹೋಗುವ ತಗಡಿನ ತೂತಿನ ಅಂಚಿಗೆ ಅದು ದಿನವೂ ಉಜ್ಜಿ ಉಜ್ಜಿ ಸವೆದುಹೋಗಿತ್ತು.

ನಮ್ಮ ಅಡಿಗೆಯ ಅನಿಲವು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅದಕ್ಕೆ ಸಹಜವಾದ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಆದುದರಿಂದ ಮೇಲಿನ ಕಿಟಕಿ ತೆರೆದರೆ ಸಾಲದು. ಅನಿಲ ನೀರಿನಂತೆ ನೆಲದಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ 2 ಪಾಲಿನಷ್ಟು ಬೆರೆತರೆ ಒಂದು ಕಿಡಿ ಸಾಕು. 2023ರ ಆಗಸ್ಟ್ 26ರಂದು ಮದುರೆಯ ನಿಲ್ದಾಣದಲ್ಲಿ, ಲಖನೌದಿಂದ ಬಂದು ನಿಂತಿದ್ದ ಪ್ರವಾಸಿಗಳ ರೈಲು ಡಬ್ಬಿಯೊಂದರಲ್ಲಿ ಕದ್ದು ತಂದಿದ್ದ ಸಿಲಿಂಡರಿನಿಂದ ಬೆಂಕಿ ಹೊತ್ತಿ ಒಂಬತ್ತು ಮಂದಿ ಸತ್ತರು. ಇಕ್ಕಟ್ಟಾದ ಗೂಡಿನೊಳಗೆ ಅನಿಲ ಎಂಥ ಶತ್ರುವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಸಿಲಿಂಡರಿಗೆ ಪ್ರತ್ಯೇಕ ಗೂಡು ಬೇಕು. ಅದರ ಬಾಗಿಲು ಹೊರಕ್ಕೇ ತೆರೆಯಬೇಕು, ತಳದಲ್ಲಿ ಗಾಳಿಗಂಡಿ ಇರಬೇಕು, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಪಟ್ಟಿಯಿಂದ ಬಿಗಿಯಬೇಕು. ಎರಡನೆಯದಾಗಿ, ಕೊಳವೆಯ ಆಯ್ಕೆ. ಅಲುಗಾಡುವ ವಾಹನದಲ್ಲಿ ಉದ್ದನೆಯ ರಬ್ಬರ್ ಕೊಳವೆ ಎಳೆಯುವುದು ತಪ್ಪು. ಒಳಗಿನ ದಾರಿಗೆಲ್ಲ ಗೋಡೆಗೆ ಬಿಗಿದ ಲೋಹದ ಕೊಳವೆಯಿರಲಿ. ಎರಡು ತುದಿಗಳಲ್ಲಿ ಮಾತ್ರ ಗಿಡ್ಡನೆಯ, ತಂತಿ ಹೆಣೆದ ಗಟ್ಟಿ ಕೊಳವೆ ಸಾಕು. ತಗಡಿನ ತೂತಿಗೆ ರಬ್ಬರ್ ಬಳೆ ತೊಡಿಸಬೇಕು. ಹೋಟೆಲಿನ ದೊಡ್ಡ ಒಲೆಗಳಿಗೆ ಒತ್ತಡ ಹೆಚ್ಚು. ಮನೆಯ ಒಲೆಯ ಕೊಳವೆ ಅದನ್ನು ತಾಳದು. ಮೂರನೆಯದಾಗಿ, ವಾರಕ್ಕೊಮ್ಮೆ ಸೋಪಿನ ನೊರೆ ಹಚ್ಚಿ ಕೀಲುಗಳನ್ನು ಪರೀಕ್ಷಿಸಬೇಕು, ಬೆಂಕಿಕಡ್ಡಿಯಿಂದಲ್ಲ. ವ್ಯಾನು ಹೊರಡುವ ಮುನ್ನ ಸಿಲಿಂಡರಿನ ಕವಾಟವನ್ನು ಮುಚ್ಚಲೇಬೇಕು.

“ಹತ್ತು ವರ್ಷಗಳಿಂದ ಏನೂ ಆಗಿಲ್ಲವಲ್ಲ” ಎಂದು ಮಾವ ಮೊದಲು ವಾದಿಸಿದರು. ಆದರೆ ಕೊಳವೆ ಸವೆಯುತ್ತಿದ್ದುದೂ ಆ ವರ್ಷಗಳಲ್ಲೇ ಅಲ್ಲವೇ? ಖರ್ಚಿನ ಮಾತು ನಿಜ. ಬದಲಾವಣೆ ಮಾಡಿಸಲು ಎರಡು ದಿನ ವ್ಯಾಪಾರ ನಿಂತಿತು, ಕೂಡಿಟ್ಟ ಹಣವೂ ಕರಗಿತು. ಅತ್ತೆ ಒಂದು ವಾರ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಆದರೂ ಕಾನೂನು ಬಂದು ದಂಡ ಹಾಕುವವರೆಗೆ ಕಾಯುವುದು ಬಡವನಿಗೆ ಇನ್ನೂ ದುಬಾರಿ.

ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಕ್ಯಾಂಟೀನ್ ವ್ಯಾನಿನ ಬಳಿ ನಿಂತಾಗ ಕೊಳವೆಯ ಕಡೆ ಒಮ್ಮೆ ಕಣ್ಣು ಹಾಯಿಸಿ. ಬಿರುಕು ಕಂಡರೆ ಮಾಲೀಕರಿಗೆ ವಿನಯದಿಂದ ತಿಳಿಸಿ. ವಾಸನೆ ಬಂದರೆ ದೂರ ಸರಿದು 1906ಕ್ಕೆ ಕರೆಮಾಡಿ. ಅಧ್ಯಾಪಕರು ಮನಸ್ಸು ಮಾಡಿದರೆ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಒಂದು ದಿನವನ್ನು ಸೋಪಿನ ನೊರೆಗೆ ಮೀಸಲಿಡಬಹುದು. ವಿದ್ಯಾವಂತರಾದ ನಾವು ತಿಂದ ಇಡ್ಲಿಯ ಋಣವನ್ನು ಇಷ್ಟಾದರೂ ತೀರಿಸಬೇಡವೇ?