ಈಗ ನೀನು ಹುಲಿಯಾಗು

ಮಕ್ಕಳೇ, ಹೋದ ಭಾನುವಾರ ನಮ್ಮ ಮನೆಯಲ್ಲೊಂದು ಸಣ್ಣ ಯುದ್ಧ ನಡೆಯಿತು. ಒಂಬತ್ತನೇ ತರಗತಿಯ ನನ್ನ ಮೊಮ್ಮಗ ಕಂಪ್ಯೂಟರ್ ಮುಂದಿನಿಂದ ದಡಕ್ಕನೆ ಎದ್ದು ಬಂದ. "ತಾತಾ, ಇನ್ನು ಅವನ ಜೊತೆ ಮಾತೇ ಆಡಲ್ಲ. ಮೋಸದ ಪಾತ್ರ ಇಟ್ಕೊಂಡು ಗೆಲ್ತಾನೆ" ಎಂದ. 'ಅವನು' ಅಂದರೆ ಒಂದನೇ ತರಗತಿಯಿಂದ ಜೊತೆಗೇ ಬೆಳೆದ ಪಕ್ಕದ ಮನೆಯ ಹುಡುಗ. ನನಗೆ ಚಿಂತೆಯಾದದ್ದು ಆಟದ ಸೋಲಿಗಲ್ಲ, ಆ ಸ್ನೇಹಕ್ಕೆ.

ಅವರು ಆಡುವುದು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'. 2004ರಲ್ಲಿ ಬಂದ ಈ ಆನ್‌ಲೈನ್ ಆಟದಲ್ಲಿ ಮೊದಲಿಗೆ 9 ಬಗೆಯ ಪಾತ್ರಗಳಿದ್ದವು. ಯೋಧನಿಗೆ ಗಟ್ಟಿ ಕವಚವಿದೆ. ಆದರೆ ಹೊಡೆಯಲು ಹತ್ತಿರ ಹೋಗಲೇಬೇಕು. ಮಾಂತ್ರಿಕನಿಗೆ ಬರೀ ಬಟ್ಟೆಯ ಉಡುಪು. ಆದರೆ ದೂರದಿಂದಲೇ ಬೆಂಕಿ, ಹಿಮ ಎಸೆಯುತ್ತಾನೆ. ಹತ್ತಿರ ಬಂದವರ ಕಾಲನ್ನು ಹಿಮದಲ್ಲಿ ಹಿಡಿದು ನಿಲ್ಲಿಸಿ, ತಾನು ದೂರ ಸರಿಯುತ್ತಾನೆ. ನಮ್ಮ ಹುಡುಗ ಯೋಧ, ಗೆಳೆಯ ಮಾಂತ್ರಿಕ.

ಕೇಳುತ್ತಿದ್ದಂತೆ ನನಗೆ ನನ್ನ ಅಜ್ಜಿ ನೆನಪಾದರು. ನಮ್ಮ ಹುಲಿ-ಕುರಿ ಆಟದಲ್ಲಿ 3 ಹುಲಿ, 15 ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ. ಕುರಿಗಳು ಒಟ್ಟಾಗಿ ಹುಲಿಗೆ ದಾರಿಯಿಲ್ಲದಂತೆ ಕಟ್ಟುತ್ತವೆ. ಎರಡು ಕಡೆಯ ಬಲ ಒಂದೇ ಅಲ್ಲ. ಕುರಿ ಹಿಡಿದು ಸೋತಾಗಲೆಲ್ಲ ನಾನು "ಇದು ಅನ್ಯಾಯ" ಎಂದು ಅಳುತ್ತಿದ್ದೆ. ಅಜ್ಜಿ ಒಂದೇ ಮಾತು ಹೇಳುತ್ತಿದ್ದರು: "ಸರಿ, ಈಗ ನೀನು ಹುಲಿಯಾಗು."

ಮೊಮ್ಮಗನಿಗೂ ಅದನ್ನೇ ಹೇಳಿದೆ. ಗೆಳೆಯನನ್ನು ಲ್ಯಾಪ್‌ಟಾಪ್ ಸಮೇತ ಕರೆಸಿದೆ. ಮೊದಲು ಐದು ಆಟ ಅವರವರ ಪಾತ್ರದಲ್ಲೇ ಆಡಿದರು. ಮಾಂತ್ರಿಕ ನಾಲ್ಕು ಗೆದ್ದ. ಆಮೇಲೆ ಕುರ್ಚಿ ಬದಲಿಸಿದರು. ಈಗ ಯೋಧನಾದ ಗೆಳೆಯ ಐದರಲ್ಲಿ ಮೂರು ಗೆದ್ದ!

ಯಾಕೆ ಹೀಗೆ? ನಮ್ಮ ಹುಡುಗ ಯೋಧ ಇನ್ನೂ ದೂರವಿರುವಾಗಲೇ ಗಾಬರಿಯಿಂದ ಹಿಮದ ವಿದ್ಯೆ ಬಳಸುತ್ತಿದ್ದ. ಅದು ಹತ್ತಿರದವರಿಗೆ ಮಾತ್ರ ತಾಗುತ್ತದೆ. ಒಮ್ಮೆ ಬಳಸಿದರೆ ಮತ್ತೆ ಸಿದ್ಧವಾಗಲು ಒಂದಷ್ಟು ಸೆಕೆಂಡು ಬೇಕು. ಅಷ್ಟರಲ್ಲಿ ಯೋಧ ಬಂದು ಮೈಮೇಲೆ ಬೀಳುತ್ತಿದ್ದ. ಗೆಳೆಯನಾದರೋ ತಾನು ಮಾಂತ್ರಿಕನಾಗಿದ್ದಾಗ ಎದುರಾಳಿ ಪಕ್ಕಕ್ಕೆ ಬರುವವರೆಗೂ ಕಾದಿದ್ದ.

ಮಕ್ಕಳೇ, ಈ ಪರೀಕ್ಷೆ ನೆನಪಿಡಿ. ಯಾರು ಆಡಿದರೂ ಒಂದೇ ಪಾತ್ರ ಗೆಲ್ಲುತ್ತಿದ್ದರೆ ದೋಷ ಆಟದ ನಿಯಮದಲ್ಲಿದೆ. ಯಾವ ಪಾತ್ರ ಹಿಡಿದರೂ ಒಬ್ಬನೇ ಗೆಲ್ಲುತ್ತಿದ್ದರೆ ಅದು ಅವನ ಅಭ್ಯಾಸದ ಫಲ. ಹಲವು ಸಲ ಎರಡೂ ಸ್ವಲ್ಪ ಸ್ವಲ್ಪ ಇರುತ್ತವೆ. ನಾಲ್ಕು ಮೂರಾದದ್ದು ನೋಡಿದರೆ ಮಾಂತ್ರಿಕನಿಗೆ ಒಂಚೂರು ಅನುಕೂಲ ಇದ್ದರೂ ಇದ್ದೀತು. ಅದಕ್ಕೇ ಇಂಥ ಆಟ ಕಟ್ಟಿದವರೂ ಆಗಾಗ ಪಾತ್ರಗಳ ಬಲವನ್ನು ಹೆಚ್ಚುಕಡಿಮೆ ಮಾಡುತ್ತಿರುತ್ತಾರೆ. ಜೊತೆಗಾರರಿದ್ದರಂತೂ ಲೆಕ್ಕವೇ ಬೇರೆ. 2007ರಲ್ಲಿ ಈ ಆಟಕ್ಕೆ ಇಬ್ಬರು, ಮೂವರು, ಐವರ ತಂಡಗಳ ಕಾಳಗ ಸೇರಿತು. ಹಿಂದೆ ಗಾಯ ವಾಸಿಮಾಡುವ ಪುರೋಹಿತನೊಬ್ಬ ನಿಂತರೆ ಅದೇ ಯೋಧ ಅಲುಗಾಡದ ಬಂಡೆ.

ಅಜ್ಜ-ಅಜ್ಜಿಯರೇ, ಮಕ್ಕಳು "ಅನ್ಯಾಯ" ಎಂದಾಗ "ಸುಮ್ಮನಿರು" ಎನ್ನಬೇಡಿ. ಜಾಗ ಬದಲಿಸಿ ಆಡಿಸಿ ನೋಡಿ. ದೂರು ನಿಜವಾದರೆ ಅದೂ ಗೊತ್ತಾಗುತ್ತದೆ.

ಮೊಮ್ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಗೆಳೆಯನನ್ನು ಕೇಳಿದ: "ಹಿಮ ಯಾವಾಗ ಬಿಡ್ಬೇಕು, ತೋರಿಸೋ."

ಸಂಜೆ ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಹುಲಿ-ಕುರಿ ಮನೆ ಬರೆದೆ. ಇಬ್ಬರೂ ಸೇರಿ ನನ್ನ ಮೂರೂ ಹುಲಿಗಳನ್ನು ಕಟ್ಟಿಹಾಕಿದರು. "ಇದು ಅನ್ಯಾಯ" ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗ ನಕ್ಕು ಹೇಳಿದ: "ಸರಿ ತಾತಾ, ಈಗ ನೀವು ಕುರಿಯಾಗಿ."