ರಿಪೇರಿ ಆದ ಮೇಲೆ ಕಾರು ಸರಿಯಾಗಿ ಸ್ಟಾರ್ಟ್ ಆಗ್ತಿಲ್ವಾ? ಹೊಸ ಬ್ಯಾಟರಿ ಕೊಳ್ಳುವ ಮುನ್ನ ಇದನ್ನು ಓದಿ

ಗ್ಯಾರೇಜಿನಿಂದ ನಿನ್ನೆಯಷ್ಟೇ ಕಾರು ತಂದಿದ್ದೀರಿ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ ಹಿಡಿಯುತ್ತಿಲ್ಲ. ಕೂಡಲೇ ಸಲಹೆಗಳು ಶುರು: "ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ", "ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ", "ತಳ್ಳಿ ಸ್ಟಾರ್ಟ್ ಮಾಡಿ". ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯವರಿಗೆ ಇದು ಬರೀ ಕಿರಿಕಿರಿಯಲ್ಲ. ನಡುರಾತ್ರಿ ಹುಬ್ಬಳ್ಳಿಯ ಆಸ್ಪತ್ರೆಗೆ ಹೊರಡಬೇಕಾದಾಗ ಗಾಡಿ ಕೈಕೊಟ್ಟರೆ ಏನು ಗತಿ? ಹಾಗಾದರೆ ಈ ಸಲಹೆಗಳಲ್ಲಿ ಎಷ್ಟು ನಿಜ?

ಮೊದಲ ಪ್ರಶ್ನೆ: ಏನೇನು ಬಿಚ್ಚಿದ್ದರು?

ರಿಪೇರಿಗೆ ಮುನ್ನ ಚೆನ್ನಾಗಿದ್ದ ಗಾಡಿ ಆಮೇಲೆ ಸತಾಯಿಸಿದರೆ, ಕೈ ಹಾಕಿದ ಜಾಗವನ್ನೇ ಮೊದಲು ನೋಡಬೇಕು. ಅದೇ ಹೊತ್ತಿಗೆ ಬೇರೊಂದು ಭಾಗ ಕೆಟ್ಟಿರಲೂಬಹುದು. ಆದರೆ ಬಿಚ್ಚಿದ್ದನ್ನು ಮತ್ತೊಮ್ಮೆ ನೋಡಲು ಖರ್ಚು ಕಡಿಮೆ.

ಕಿವಿಗೊಟ್ಟು ಕೇಳಿ

1. 'ಟಕ್' ಎಂದು ಸುಮ್ಮನಾಗುತ್ತದೆ, ಅಥವಾ ಸೆಲ್ಫ್ ಬಹಳ ನಿಧಾನ: ಇದು ಕರೆಂಟಿನ ತೊಂದರೆ. ಬ್ಯಾಟರಿ ಟರ್ಮಿನಲ್ ಸಡಿಲವಾಗಿರಬಹುದು. ಕ್ಲಚ್ ಅಥವಾ ಗೇರ್‌ಬಾಕ್ಸ್ ಇಳಿಸಿದ್ದರೆ, ಎಂಜಿನ್ನಿಗೂ ಬಾಡಿಗೂ ಇರುವ ಅರ್ತ್ ವೈರ್ ಬಿಗಿ ಮಾಡುವುದು ಮರೆತಿರಬಹುದು. ಗಾಡಿ ನಿಂತಿರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯನ್ನು ಅನುಮಾನಿಸಿ. ಕುಸಿಯದೆಯೂ ಸೆಲ್ಫ್ ನಿಧಾನವಾಗಿದ್ದರೆ ವೈರ್, ಅರ್ತ್ ಇಲ್ಲವೇ ಸೆಲ್ಫ್ ಮೋಟರ್ ನೋಡಿಸಿ.

2. ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ: ಇಲ್ಲಿ ಹೊಸ ಬ್ಯಾಟರಿ ಹಾಕಿದರೆ ಸಾಮಾನ್ಯವಾಗಿ ದುಡ್ಡು ದಂಡ. ಇಂಧನ, ಕಿಡಿ ಅಥವಾ ಸೆನ್ಸರ್ ಕಡೆ ನೋಡಬೇಕು. ಡೀಸೆಲ್ ಫಿಲ್ಟರ್ ಬದಲಿಸಿದ್ದರೆ ಪೈಪಿನೊಳಗೆ ಗಾಳಿ ಸೇರಿರಬಹುದು, ಅದನ್ನು ಹೊರಹಾಕಬೇಕು. ಪೆಟ್ರೋಲ್ ಕಾರಾದರೆ ಕೀಲಿಯನ್ನು ಆನ್ ಮಾಡಿ ಎರಡು-ಮೂರು ಸೆಕೆಂಡು ಬಿಡಿ, ಆಫ್ ಮಾಡಿ. ಹೀಗೆ ಎರಡು ಸಲ ಮಾಡಿದ ಮೇಲೆ ಸುಲಭವಾಗಿ ಸ್ಟಾರ್ಟ್ ಆದರೆ, ರಾತ್ರಿ ಇಂಧನದ ಒತ್ತಡ ಇಳಿದುಹೋಗುತ್ತಿರಬಹುದು. ಡ್ಯಾಶ್‌ಬೋರ್ಡ್‌ನಲ್ಲಿ ಕೀಲಿಯ ಗುರುತು ಮಿನುಗುತ್ತಿದ್ದರೆ, ಕಾರು ನಿಮ್ಮ ಕೀಲಿಯನ್ನೇ ಗುರುತಿಸುತ್ತಿಲ್ಲ.

3. ಹಿಡಿಯುತ್ತದೆ, ಆದರೆ ನಡುಗಿ ನಿಲ್ಲುತ್ತದೆ: ಗಾಳಿ ಸೋರುವ ಪೈಪು, ಅದಲುಬದಲಾದ ಪ್ಲಗ್ ವೈರ್‌ಗಳು ಕಾರಣವಿರಬಹುದು. ನಾಲ್ಕು ಸಿಲಿಂಡರ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 1-3-4-2 ಕ್ರಮದಲ್ಲಿ ಕಿಡಿ ಹಾರಬೇಕು. ಟೈಮಿಂಗ್ ಬೆಲ್ಟ್ ಬಿಚ್ಚಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಬೆಲ್ಟ್ ಹಲ್ಲು ತಪ್ಪಿ ಕೂತಿದ್ದರೆ ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಖರ್ಚು ಸಾವಿರಗಳಲ್ಲಿ ಬೆಳೆಯುತ್ತದೆ.

ನಂಬಿಕೆ ಮತ್ತು ವಾಸ್ತವ

ಆಕ್ಸಿಲರೇಟರ್ ಒತ್ತಿದರೆ ಬೇಗ ಸ್ಟಾರ್ಟ್ ಆಗುತ್ತದೆಯೇ? 1983ರಲ್ಲಿ ಬಂದ ಮಾರುತಿ 800ರಂಥ ಕಾರ್ಬ್ಯುರೇಟರ್ ಗಾಡಿಗಳಿಗೆ ಈ ಮಾತು ಸರಿಯಿತ್ತು. ಪೆಡಲ್ ಒತ್ತಿದರೆ ಪೆಟ್ರೋಲ್ ಚಿಮ್ಮುತ್ತಿತ್ತು. ಇಂದಿನ ಫ್ಯೂಯೆಲ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳು ಅನೇಕವು ಪೆಡಲ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದರೆ ಪೆಟ್ರೋಲನ್ನೇ ನಿಲ್ಲಿಸುತ್ತವೆ!

ತಳ್ಳಿ ಸ್ಟಾರ್ಟ್ ಮಾಡಬಹುದೇ? ಬ್ಯಾಟರಿ ಮಾತ್ರ ಸೋತಿರುವ ಮ್ಯಾನುಯಲ್ ಗೇರ್ ಕಾರಿಗೆ ಸರಿ. ಕಿಡಿಯೇ ಇಲ್ಲದ ಪೆಟ್ರೋಲ್ ಕಾರನ್ನು ತಳ್ಳುತ್ತಲೇ ಇದ್ದರೆ, ಸುಡದ ಪೆಟ್ರೋಲ್ ಸೈಲೆನ್ಸರ್ ಪೈಪಿನಲ್ಲಿರುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಹಾಳುಮಾಡಬಹುದು.

ಎಂಜಿನ್ ಓಡುವಾಗ ಟರ್ಮಿನಲ್ ತೆಗೆದು ಆಲ್ಟರ್ನೇಟರ್ ಪರೀಕ್ಷಿಸಬಹುದೇ? ಬೇಡವೇ ಬೇಡ. ವೋಲ್ಟೇಜ್ ಒಮ್ಮೆಲೇ ಏರಿ ಕಾರಿನ ಕಂಪ್ಯೂಟರ್ ಸುಟ್ಟುಹೋದೀತು.

ನೀವು ಮಾಡಬೇಕಾದ್ದು

ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ. ಶಬ್ದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತಣ್ಣಗಿದ್ದಾಗ ಕಾಡುತ್ತದೋ, ಬಿಸಿಯಾದಾಗಲೋ ಎಂದು ಬರೆದಿಡಿ. ಹಾವೇರಿಗೋ ಹುಬ್ಬಳ್ಳಿಗೋ ಎಳೆಸಿಕೊಂಡು ಹೋಗುವ ಮುನ್ನ, ಕೆಲಸ ಮಾಡಿದ ಮೆಕ್ಯಾನಿಕ್‌ಗೇ ಅದನ್ನು ಕೇಳಿಸಿ. ಎಷ್ಟೋ ಸಲ ಫೋನಿನಲ್ಲೇ ಸುಳಿವು ಸಿಗುತ್ತದೆ.

ಸ್ಕ್ಯಾನರ್ ತೋರಿಸುವ ಕೋಡ್ ಕೂಡ ಅಂತಿಮ ತೀರ್ಪಲ್ಲ. ಅದು ಯಾವ ಸರ್ಕ್ಯೂಟಿನಲ್ಲಿ ತೊಂದರೆಯಿದೆ ಎಂದು ಹೇಳುತ್ತದೆಯೇ ಹೊರತು ಸೆನ್ಸರ್ ಕೆಟ್ಟಿದೆ ಎಂದಲ್ಲ. ಸರಿಯಾಗಿ ಕೂರದ ಒಂದು ಕನೆಕ್ಟರ್ ಕೂಡ ಅದೇ ಕೋಡ್ ಕೊಡಬಲ್ಲದು. ಹಾಗಾಗಿ ಯಾವುದೇ ಭಾಗ ಬದಲಿಸುವ ಮುನ್ನ ಒಂದೇ ಮಾತು ಕೇಳಿ: "ಅಳತೆ ಮಾಡಿ ನೋಡಿದ್ರಾ?"