ಪ್ಲಾಸ್ಟಿಕ್ ವಿಮಾನಕ್ಕೂ ಕನ್ನಡಕ್ಕೂ ಏನು ಸಂಬಂಧ?

ನಮ್ಮ ಸಂಘದ ಈ ಸಲದ ವಾರ್ಷಿಕ ಮಹಾಸಭೆಯ ಮುಂದೆ ಬರಲಿರುವ ಸಲಹೆಗಳಲ್ಲಿ ಒಂದು, ನೋಡುವುದಕ್ಕೆ ಬಹಳ ಚಿಕ್ಕದು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಸೇರುವ ಹವ್ಯಾಸ ಕೂಟವನ್ನು ನಿಲ್ಲಿಸಿ, ಆ ಕೋಣೆಯನ್ನು ಬಾಡಿಗೆಗೆ ಕೊಡಬೇಕು ಎಂಬುದೇ ಆ ಸಲಹೆ. ಅಲ್ಲಿ ಮಕ್ಕಳು ಪ್ಲಾಸ್ಟಿಕ್ಕಿನ ವಿಮಾನ, ಹಡಗು, ರೈಲುಗಳನ್ನು ಅಂಟಿಸುತ್ತ ಕೂರುತ್ತಾರಂತೆ. ಅದು ಕನ್ನಡದ ಕೆಲಸವಲ್ಲವಂತೆ. ಸಂಘದ ಜಾಗ ಇರುವುದು ಕನ್ನಡದ ಕೆಲಸಕ್ಕಂತೆ. ಕೇಳಿದವರಿಗೆ ನ್ಯಾಯವೇ ಅನ್ನಿಸುವ ಮಾತು. ಅದಕ್ಕೇ ಇದು ಅಪಾಯದ ಮಾತು.

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಕಡತದ ಮೇಲೆ ಆಕ್ಷೇಪಣೆ ಬಂದರೆ ಪ್ಯಾರಾವಾರು ಉತ್ತರ ಬರೆಯುವುದು ನನಗೆ ರೂಢಿ. ಈ ಸಲಹೆಯ ಹಿಂದಿರುವ ಆಕ್ಷೇಪಣೆಗಳು ಐದು. ಒಂದೊಂದಕ್ಕೂ ಉತ್ತರ ಕೊಡುತ್ತೇನೆ. ವಾಚಕರು ಓದಿ ಮಹಾಸಭೆಯ ದಿನ ಕೈ ಎತ್ತುವಾಗ ನೆನಪಿಟ್ಟುಕೊಂಡರೆ ಸಾಕು.

ಆ ಕೋಣೆಯ ಹೊಸ್ತಿಲು ದಾಟದವರಿಗಾಗಿ ಮೊದಲು ಅಲ್ಲಿ ನಡೆಯುವುದೇನು ಎಂದು ಹೇಳಬೇಕು. ಡಬ್ಬಿ ಬಿಚ್ಚಿದರೆ ವಿಮಾನ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಹಣ್ಣುಗಳಂತೆ ಅಂಟಿಕೊಂಡಿರುವ ಐವತ್ತೋ ನೂರೋ ಬಿಡಿಭಾಗಗಳಿರುತ್ತವೆ. ಒಂದೊಂದನ್ನೂ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಜೋಡಿಸಿ ನೋಡಿ, ಅಂಟಿಸಿ, ಆರಲು ಬಿಟ್ಟು, ಸಂದಿಗೆ ಮೆತ್ತಿ, ಮತ್ತೆ ಉಜ್ಜಿ, ಬಣ್ಣ ಬಳಿಯಬೇಕು. ಪ್ಲಾಸ್ಟಿಕ್ ಅಂದರೆ ಇಲ್ಲಿ ಪಾಲಿಸ್ಟೈರೀನ್. ಇದರ ಅಂಟು ನಮ್ಮ ಗೋಂದಿನಂಥದಲ್ಲ. ಅದು ಎರಡೂ ಕಡೆಯ ಮೇಲ್ಮೈಯನ್ನು ಸ್ವಲ್ಪ ಕರಗಿಸುತ್ತದೆ. ದ್ರಾವಕ ಆರಿದ ಮೇಲೆ ಎರಡು ತುಂಡುಗಳು ಬೆಸೆದು ಒಂದೇ ಆಗುತ್ತವೆ. ಜಾಸ್ತಿ ಹಾಕಿದರೆ ಭಾಗವೇ ಕರಗಿ ಕೆಡುತ್ತದೆ, ಕಮ್ಮಿ ಹಾಕಿದರೆ ಬಿಡುತ್ತದೆ. ಇನ್ನು ಅಳತೆ. ಎಪ್ಪತ್ತೆರಡನೇ ಒಂದು ಎಂದರೆ ಮಾದರಿಯಲ್ಲಿ ಒಂದು ಅಂಗುಲ, ನಿಜದಲ್ಲಿ ಆರು ಅಡಿ. ಅಂದರೆ ಆಳೊಬ್ಬನ ಎತ್ತರ ಒಂದು ಅಂಗುಲ. ಭಿನ್ನರಾಶಿ ಕಂಡರೆ ಅಳುತ್ತಿದ್ದ ಹುಡುಗಿಯೊಬ್ಬಳು ಈಗ ಅಡಿಪಟ್ಟಿ ಹಿಡಿದು ಬಾಯಲ್ಲೇ ಲೆಕ್ಕ ಹಾಕುತ್ತಾಳೆ.

ಆಕ್ಷೇಪಣೆ ಒಂದು: ಇದು ಆಟಿಕೆ. ಹೌದೇ? ಹಾಗಾದರೆ ನಮ್ಮ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರೂ ಆಟವಾಡುತ್ತಿದ್ದಾರೆ ಎನ್ನಬೇಕಾಗುತ್ತದೆ. ಅಲ್ಲಿ 1967ರಿಂದ ನಡೆಯುತ್ತಿರುವ 1.2 ಮೀಟರಿನ ಗಾಳಿ ಸುರಂಗದಲ್ಲಿ ವಿಮಾನಗಳನ್ನೂ ರಾಕೆಟ್ಟುಗಳನ್ನೂ ಪರೀಕ್ಷಿಸುವುದು ಅಳತೆಗೆ ಸರಿಯಾಗಿ ಮಾಡಿದ ಪುಟ್ಟ ಮಾದರಿಗಳ ಮೇಲೆಯೇ. ಬೆಂಗಳೂರಿನ ಎಚ್‌.ಎ.ಎಲ್‌.ನವರು ಮಾರುತ್ ಯುದ್ಧವಿಮಾನ ಕಟ್ಟುವಾಗ, ಲೋಹದ ವಿಮಾನಕ್ಕೆ ಮುಂಚೆ ಅದೇ ಆಕಾರದ, ಅದೇ ಗಾತ್ರದ ಮರದ ಗ್ಲೈಡರ್ ಒಂದನ್ನು ಮಾಡಿ 1959ರಲ್ಲಿ ಹಾರಿಸಿ ನೋಡಿದರು. ಆಮೇಲೆ, 1961ರ ಜೂನ್ 17ರಂದು, ನಿಜವಾದ ಮಾರುತ್ ಮೊದಲ ಸಲ ಹಾರಿತು. ಅಷ್ಟು ಈಚಿನದೇಕೆ? ಲಕ್ಕುಂಡಿಗೋ ಇಟಗಿಗೋ ಹೋಗಿ ದೇವಾಲಯದ ಹೊರಗೋಡೆ ನೋಡಿ. ಗೋಡೆಯ ತುಂಬ ಗೇಣುದ್ದದ, ಮೊಳದುದ್ದದ ಶಿಖರಗಳು. ದೊಡ್ಡ ಗುಡಿಯ ಮೈಮೇಲೆ ಚಿಕ್ಕ ಗುಡಿಗಳ ಮಾದರಿ ಕೆತ್ತುವುದು ನಮ್ಮ ಶಿಲ್ಪಿಗಳಿಗೆ ಆಟವಾಗಿರಲಿಲ್ಲ.

ಆಕ್ಷೇಪಣೆ ಎರಡು: ದುಬಾರಿ ಚಟ. ಡಬ್ಬಿಗಳು ಬಹುಪಾಲು ಹೊರದೇಶದವು, ಅಗ್ಗವಲ್ಲ ಎಂಬುದು ನಿಜ. ಆದರೆ ಲೆಕ್ಕ ಪೂರ್ತಿ ಮಾಡೋಣ. ಒಂದು ಡಬ್ಬಿಯ ಮೇಲೆ ನಾಲ್ಕು ಮಕ್ಕಳು ಎರಡು ತಿಂಗಳು ಕೂರುತ್ತಾರೆ. ಅರ, ಚಿಮಟ, ಕುಂಚಗಳು ಎಲ್ಲರಿಗೂ ಸೇರಿದ್ದು. ನಾಲ್ವರಿರುವ ಸಂಸಾರ ಒಂದು ಸಂಜೆ ಮಾಲ್‌ಗೆ ಹೋಗಿ ಸಿನಿಮಾ ನೋಡಿ, ಉಂಡು ಬಂದರೆ ಆಗುವ ಖರ್ಚಿಗಿಂತ ಇದು ಕಡಿಮೆ. ಡಬ್ಬಿಯೇ ಬೇಕೆಂದೂ ಇಲ್ಲ. ನಮ್ಮ ಮುಂಬಯಿಯ ಹಳೆಯ ಡೀಸೆಲ್ ಡಬಲ್‌ಡೆಕ್ಕರ್ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ರಸ್ತೆಯಿಂದ ಮರೆಯಾದಾಗ, ಬರಿಯ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಮಕ್ಕಳು ಅಂಥದೊಂದು ಬಸ್ಸನ್ನು ಕಟ್ಟಿದರು. ಅದಕ್ಕೆ ಸಂಘ ಕೊಟ್ಟದ್ದು ಒಂದು ಮೇಜು, ಒಂದು ದೀಪ, ಒಂದು ಫ್ಯಾನು.

ಆಕ್ಷೇಪಣೆ ಮೂರು: ಯುದ್ಧವಿಮಾನ, ಯುದ್ಧನೌಕೆ ಮಾಡಿಸಿ ಮಕ್ಕಳ ತಲೆಯಲ್ಲಿ ಯುದ್ಧ ತುಂಬುತ್ತೀರಿ. ಈ ಮಾತು ಹೇಳುವವರ ಮನೆಯಲ್ಲಿ ಮಕ್ಕಳು ಮೊಬೈಲಿನಲ್ಲಿ ಯಾವ ಆಟ ಆಡುತ್ತಾರೆಂದು ಮೊದಲು ನೋಡಿಕೊಳ್ಳಲಿ. ಅಲ್ಲಿ ಬೆರಳೊತ್ತಿದರೆ ಹತ್ತು ಜನ ಸಾಯುತ್ತಾರೆ, ಮತ್ತೆ ಎದ್ದು ಬರುತ್ತಾರೆ. ಇಲ್ಲಿ ನ್ಯಾಟ್ ವಿಮಾನದ ರೆಕ್ಕೆ ಅಂಟಿಸುವ ಹುಡುಗನಿಗೆ ಅದರ ಎರಡು ರೆಕ್ಕೆಗಳ ತುದಿಯಿಂದ ತುದಿಗೆ ಇರುವುದು ಏಳು ಮೀಟರೂ ಅಲ್ಲ ಎಂದು ಗೊತ್ತಾಗುತ್ತದೆ. ಅಷ್ಟು ಚಿಕ್ಕ ತಗಡಿನ ಡಬ್ಬಿಯಲ್ಲಿ ಒಬ್ಬ ಮನುಷ್ಯ ಕೂತು 1965ರಲ್ಲಿ ಯುದ್ಧಕ್ಕೆ ಹೋದ ಎಂದು ತಿಳಿದಾಗ ಅವನು 'ಢಿಶುಂ' ಅನ್ನುವುದಿಲ್ಲ. ‘ಅವರಿಗೆ ಹೆದರಿಕೆ ಆಗ್ತಿರಲಿಲ್ವಾ?’ ಎಂದು ಕೇಳುತ್ತಾನೆ. ಇದು ಯುದ್ಧದ ಹುಚ್ಚಲ್ಲ, ಯುದ್ಧದ ಅರಿವು. ಇನ್ನೊಂದು ಮಾತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲ ಬಾಯಿಪಾಠ ಮಾಡಿದವರು. ಎರಡು ತಿಂಗಳ ಕೆಲಸ ಕೈಜಾರಿ ಬಿದ್ದು ಮುರಿದಾಗ ಅದರ ಅರ್ಥ ಆ ಮಕ್ಕಳಿಗೆ ಗೊತ್ತಾಗಿದೆ. ಕಟ್ಟಿದವನು ಒಡೆಯಲು ಹಿಂದುಮುಂದು ನೋಡುತ್ತಾನೆ.

ಆಕ್ಷೇಪಣೆ ನಾಲ್ಕು: ಅಂಟಿನ ವಾಸನೆ, ಬ್ಲೇಡಿನ ಅಪಾಯ. ಐದರಲ್ಲಿ ತಿರುಳಿರುವ ಆಕ್ಷೇಪಣೆ ಇದೊಂದೇ. ದ್ರಾವಕದ ಆವಿ ಒಳ್ಳೆಯದಲ್ಲ. ರಸಾಯನಶಾಸ್ತ್ರ ಓದಿದ ನಾನು ಇಲ್ಲವೆನ್ನಲಾರೆ. ಅದಕ್ಕೆ ಉಪಾಯ ಕಿಟಕಿ ತೆರೆಯುವುದು, ಗಾಳಿ ಹೊರಹಾಕುವ ಫ್ಯಾನು ಹಾಕಿಸುವುದು, ಬ್ಲೇಡು ಹಿಡಿಯುವಾಗ ದೊಡ್ಡವರೊಬ್ಬರು ಪಕ್ಕದಲ್ಲಿರುವುದು. ಕೋಣೆಗೆ ಬೀಗ ಹಾಕುವುದಲ್ಲ. ಕೈ ಸುಟ್ಟೀತೆಂದು ಯಾರೂ ಅಡಿಗೆಮನೆಗೆ ಬೀಗ ಹಾಕುವುದಿಲ್ಲ.

ಈಗ ಐದನೆಯದು, ಎಲ್ಲಕ್ಕೂ ದೊಡ್ಡದು: ಇದಕ್ಕೂ ಕನ್ನಡಕ್ಕೂ ಏನು ಸಂಬಂಧ?

ಸಂಘದ ಹಿರಿಯರ ಮೇಲೆ ಗೌರವವಿಟ್ಟೇ ಕೇಳುತ್ತೇನೆ: ನಮ್ಮ ಮಕ್ಕಳಲ್ಲಿ ಈಗ ಉಳಿದಿರುವ ಕನ್ನಡ ಎಂಥದು? ಎರಡು ಬಗೆಯದು. ಒಂದು ಮನೆಯ ಕನ್ನಡ: ಬಾ, ತಿನ್ನು, ಮಲಗು, ಅಜ್ಜಿಗೆ ಫೋನ್ ಮಾಡು. ಇನ್ನೊಂದು ವೇದಿಕೆಯ ಕನ್ನಡ: ನವೆಂಬರ್ ಒಂದರಂದು ಹೇಳುವುದಕ್ಕೆ ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರದಲ್ಲೋ ಬರೆದುಕೊಂಡು ಬಾಯಿಪಾಠ ಮಾಡಿದ ಪದ್ಯ. ಪದ್ಯ ಮುಗಿಯಿತು, ಚಪ್ಪಾಳೆ ಬಿತ್ತು, ಬಹುಮಾನದ ಸ್ಟೀಲ್ ಲೋಟ ಬಂತು. ಮೆಟ್ಟಿಲು ಇಳಿಯುವಷ್ಟರಲ್ಲಿ ಮಕ್ಕಳು ತಮ್ಮತಮ್ಮಲ್ಲಿ ಹಿಂದಿಗೆ ತಿರುಗಿರುತ್ತಾರೆ. ಇವೆರಡರ ನಡುವೆ ಇರಬೇಕಾದ ಕನ್ನಡ, ಒಬ್ಬರೊಡನೊಬ್ಬರು ಕೂಡಿ ಕೆಲಸ ಮಾಡುವಾಗ ಬಳಸುವ ಕನ್ನಡ, ಎಲ್ಲಿ ಹೋಯಿತು?

ಅದು ಆ ಹಿಂದಿನ ಕೋಣೆಯಲ್ಲಿದೆ. ಅಲ್ಲಿಯ ನಿಯಮ ಒಂದೇ: ನಾಮಪದ ಯಾವ ಭಾಷೆಯದಾದರೂ ಇರಲಿ, ಕ್ರಿಯಾಪದ ಕನ್ನಡದ್ದಾಗಿರಬೇಕು. ‘ಫ್ಯೂಸಲೇಜ್ ಹಿಡಿದುಕೋ, ಅದುಮಬೇಡ, ಆರಲಿ ಬಿಡು, ಈ ಅಂಚು ಸ್ವಲ್ಪ ಉಜ್ಜು, ಕೆರೆಯಬೇಡ, ಸವರು.’ ಕೆರೆಯುವುದಕ್ಕೂ ಸವರುವುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಪಠ್ಯಪುಸ್ತಕ ಕಲಿಸೀತು? ಧಾರವಾಡದ ಕಡೆಯ ಹುಡುಗ ‘ಬಣ್ಣ ಹಚ್ಚು’ ಅನ್ನುತ್ತಾನೆ, ಮೈಸೂರಿನ ಕಡೆಯವಳು ‘ಬಳಿ’ ಅನ್ನುತ್ತಾಳೆ, ಮನೆಯಲ್ಲಿ ತುಳು ಆಡುವ ಮಗು ಎರಡನ್ನೂ ಕಲಿಯುತ್ತದೆ. ಡಬ್ಬಿಯೊಳಗಿನ ಸೂಚನಾಪತ್ರವನ್ನು ಮಕ್ಕಳೇ ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಿದ್ದಾರೆ. ಅದರಲ್ಲಿ ಒತ್ತಕ್ಷರದ ತಪ್ಪುಗಳಿವೆ. ಆದರೆ ಯಾರೂ ಬಲವಂತ ಮಾಡದೆ, ಬಹುಮಾನವೂ ಇಲ್ಲದೆ, ಈ ಸಂಘದ ಮಕ್ಕಳು ತಾವಾಗಿ ಬರೆದ ಕನ್ನಡ ಅದು.

ಇನ್ನೂ ಒಂದು ಲಾಭ ಇದೆ. ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಸದಸ್ಯರು. ಕವಿಗೋಷ್ಠಿಗೂ ಉಪನ್ಯಾಸಕ್ಕೂ ಅವರು ಬಂದದ್ದು ಕಾಣೆ. ‘ನನ್ನಂಥವನಿಗೆ ಅಲ್ಲೇನು ಕೆಲಸ’ ಅನ್ನುತ್ತಿದ್ದರು. ಈಗ ಎರಡು ಭಾನುವಾರವೂ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಾರೆ. ಅರ ಹಿಡಿಯುವುದು ಹೇಗೆಂದು ಮಕ್ಕಳಿಗೆ ತೋರಿಸುತ್ತಾರೆ. ಮಕ್ಕಳು ಅವರನ್ನು ‘ಅಜ್ಜಾ’ ಅನ್ನುತ್ತಾರೆ. ಕೋಣೆ ಮುಚ್ಚಿದರೆ ಬಾಡಿಗೆ ಬಂದೀತು. ಆ ಅಜ್ಜ ಬರಲಾರರು.

ಮುಂಬಯಿ ಕನ್ನಡಿಗರ ಚರಿತ್ರೆಯನ್ನೇ ನೋಡಿ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ಹುಡುಗರು ಕಟ್ಟಿದ ಚರಿತ್ರೆ ಅದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಬದುಕಿ ತೋರಿಸಿದವರು ಅವರು. ಅವರ ಮೊಮ್ಮಕ್ಕಳ ಕೈಗೆ ಕೆಲಸ ಕೊಡುವುದು ಕನ್ನಡದ ಕೆಲಸವಲ್ಲ ಅನ್ನುವುದು ಯಾವ ಲೆಕ್ಕ?

ಹೊರಗಿನವರು ಈ ಹವ್ಯಾಸವನ್ನು ಹೇಗೆ ಕಂಡಿದ್ದಾರೆಂದೂ ನೋಡೋಣ. ಬ್ರಿಟನ್ನಿನ ಫ್ರಾಗ್ ಕಂಪನಿ 1936ರಲ್ಲೇ ಎಪ್ಪತ್ತೆರಡನೇ ಒಂದರ ಅಳತೆಯ ಪ್ಲಾಸ್ಟಿಕ್ ವಿಮಾನಗಳನ್ನು ಹೊರತಂದಿತು. ಏರ್‌ಫಿಕ್ಸ್‌ನ ಮೊದಲ ಸ್ಪಿಟ್‌ಫೈರ್ 1953ರದು. 1963ರಲ್ಲಿ ಅಲ್ಲಿ ಮಾದರಿಕಾರರ ಅಂತರರಾಷ್ಟ್ರೀಯ ಸಂಘವೇ ಹುಟ್ಟಿತು. ಜಪಾನಿನ ಶಿಜುವೊಕಾ ಊರಿನ ಟಮಿಯ ಮೊದಲು ಮರ ಕೊಯ್ಯುವ ಕಂಪನಿಯಾಗಿತ್ತು. ಮರದ ಮಾದರಿಗಳಿಂದ ಪ್ಲಾಸ್ಟಿಕ್ಕಿಗೆ ಬಂದು ಈಗ ಜಗತ್ತಿಗೆಲ್ಲ ಮಾದರಿ ಮಾರುತ್ತಿದೆ. ಮರದ ಗೊಂಬೆಗೆ ಹೆಸರಾದ ಚನ್ನಪಟ್ಟಣ ನಮ್ಮದು, ಕಿನ್ನಾಳ ನಮ್ಮದು. ಆದರೆ ಬೆಂಗಳೂರಿನಲ್ಲಿ ನ್ಯಾಟ್‌ನಿಂದ ರೂಪುಗೊಂಡ ಅಜೀತ್ ವಿಮಾನದ ಮಾದರಿ ಬೇಕೆಂದರೆ ಚೆಕ್ ದೇಶದ ಸ್ಪೆಷಲ್ ಹಾಬಿಯ ಡಬ್ಬಿ ತರಿಸಬೇಕು!

ಇನ್ನೊಂದು ನೋಡಿ. ಜರ್ಮನಿಯ ಫೋಕೆ ವುಲ್ಫ್ 190 ವಿಮಾನದ ಡಬ್ಬಿಯನ್ನು ಮಾಡದ ದೊಡ್ಡ ಕಂಪನಿಯಿಲ್ಲ. ಹವ್ಯಾಸಿಗಳಿಗೆಲ್ಲ ಅದು ಗೊತ್ತು. ಅದನ್ನು ರೂಪಿಸಿದ ಕುರ್ಟ್ ಟಾಂಕ್ ಎಂಬಾತ 1956ರಲ್ಲಿ ಬೆಂಗಳೂರಿಗೆ ಬಂದು ನಮ್ಮ ಮಾರುತ್ತನ್ನು ರೂಪಿಸಿದ ಎಂಬುದು ಕನ್ನಡದ ಎಷ್ಟು ಮಕ್ಕಳಿಗೆ ಗೊತ್ತು? ಬೆಂಗಳೂರಿನಲ್ಲಿ 147 ಮಾರುತ್‌ಗಳು ತಯಾರಾದವು; 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹಾರಿದವು. ತಕ್ಕ ಎಂಜಿನ್ ಕೊನೆಗೂ ಸಿಗದೆ ಅದರ ವೇಗ ಅರ್ಧಕ್ಕೇ ನಿಂತದ್ದೂ ಮಕ್ಕಳಿಗೆ ಹೇಳಬೇಕಾದ ಪಾಠವೇ. ನಮ್ಮ ಕೂಟದ ಮೇಜಿನ ಮೇಲೆ ಈಗ ಪ್ಲಾಸ್ಟಿಕ್ ಹಾಳೆಯಲ್ಲಿ ರೂಪುಗೊಳ್ಳುತ್ತಿರುವುದು ಅದೇ ಮಾರುತ್: ಉದ್ದ 22 ಸೆಂಟಿಮೀಟರ್, ರೆಕ್ಕೆಯ ಅಗಲ ಹನ್ನೆರಡೂವರೆ. ಮಹಾಸಭೆಯ ತೀರ್ಮಾನ ಬರುವ ಹೊತ್ತಿಗೆ ಅದಕ್ಕೆ ಬಾಲ ಕೂಡಿಸಿರುವುದಿಲ್ಲ.

ವಸ್ತುಗಳು ಉಳಿಯುವುದಿಲ್ಲ ಎಂಬುದಕ್ಕೆ ಮುಂಬಯಿಯವರಾದ ನಮಗೆ ಸಾಕ್ಷಿ ಹೇಳಬೇಕೆ? ಹಳೆಯ ವಿಕ್ರಾಂತ್ ನೌಕೆ 1997ರಲ್ಲಿ ನಿವೃತ್ತವಾಗಿ, ಇದೇ ಊರಿನಲ್ಲಿ ಕೆಲಕಾಲ ವಸ್ತುಸಂಗ್ರಹಾಲಯವಾಗಿದ್ದು, 2014ರಲ್ಲಿ ದಾರುಖಾನದಲ್ಲಿ ಒಡೆಯುವವರ ಕೈಗೆ ಹೋಯಿತು. ಆ ನೌಕೆಯ ಉದ್ದ 700 ಅಡಿ. ಹಡಗುಗಳಿಗೆ ಹವ್ಯಾಸಿಗಳು ಬಳಸುವ ಏಳುನೂರನೇ ಒಂದರ ಅಳತೆಯಲ್ಲಿ ಸರಿಯಾಗಿ ಒಂದು ಅಡಿ. ಒಂದು ಅಡಿ ಜಾಗ ನಮ್ಮ ಚಾಳಿನ ಖೋಲಿಯಲ್ಲೂ ಸಿಗುತ್ತದೆ.

ಆದ್ದರಿಂದ ಮಹಾಸಭೆಯ ಮುಂದೆ ನನ್ನ ಕೋರಿಕೆ ಮೂರು. ಒಂದು, ಕೋಣೆಯನ್ನು ಬಾಡಿಗೆಗೆ ಕೊಡುವ ಸಲಹೆಯನ್ನು ಕೈಬಿಡಬೇಕು. ಬಾಡಿಗೆ ಅನಿವಾರ್ಯವಾದರೆ ಆ ಎರಡು ಭಾನುವಾರಗಳನ್ನು ಬಿಟ್ಟು ಉಳಿದ ದಿನ ಕೊಡಲಿ. ಎರಡು, ಕಿಟಕಿಗೆ ಗಾಳಿ ಹೊರಹಾಕುವ ಫ್ಯಾನು ಹಾಕಿಸಬೇಕು. ಅದರ ಖರ್ಚಿಗೆ ಪೋಷಕರು ಚಂದಾ ಎತ್ತಲು ಸಿದ್ಧರಿದ್ದಾರೆ. ಮೂರು, ಈ ಸಲದ ದಸರಾ ಗೊಂಬೆಹಬ್ಬದಲ್ಲಿ ಸಂಘದ ಮೆಟ್ಟಿಲುಗಳ ಪೈಕಿ ಒಂದನ್ನು ಮಕ್ಕಳಿಗೆ ಬಿಟ್ಟುಕೊಡಬೇಕು. ಪಟ್ಟದ ಗೊಂಬೆಗಳ ಕೆಳಗಿನ ಸಾಲಿನಲ್ಲಿ ಡಬಲ್‌ಡೆಕ್ಕರ್ ಬಸ್ಸೂ ಮಾರುತ್ತೂ ನಿಲ್ಲಲಿ. ಮುಂದಿನ ರಾಜ್ಯೋತ್ಸವಕ್ಕೆ ವಿಜಾಪುರದ ಗೋಳಗುಮ್ಮಟ ಕಟ್ಟುವ ಯೋಚನೆಯೂ ಇದೆ. ಇನ್ನೂರನೇ ಒಂದರ ಅಳತೆಯಲ್ಲಿ ಆ ಗುಮ್ಮಟದ ಅಗಲ ಸುಮಾರು 22 ಸೆಂಟಿಮೀಟರ್, ಅಂದರೆ ಮನೆಯ ಮಧ್ಯಮ ಗಾತ್ರದ ಪಾತ್ರೆಯೊಂದರಷ್ಟು.

ಕನ್ನಡ ಉಳಿಸಿ ಎಂದು ಫಲಕ ಬರೆಸುವುದು ಸುಲಭ. ಕನ್ನಡದಲ್ಲಿ ಮಾಡುವುದಕ್ಕೆ ಏನಾದರೂ ಕೆಲಸ ಕೊಡುವುದು ಕಷ್ಟ. ಆ ಕಷ್ಟದ ಕೆಲಸ ಹತ್ತು ಹನ್ನೆರಡು ಮಕ್ಕಳಿಂದ ತಾನಾಗಿಯೇ ನಡೆಯುತ್ತಿರುವ ಕೋಣೆಯನ್ನು, ಕನ್ನಡದ ಹೆಸರಿನಲ್ಲಿಯೇ ಮುಚ್ಚಿದ ಅಪಕೀರ್ತಿ ನಮ್ಮ ಸಂಘಕ್ಕೆ ಬಾರದಿರಲಿ.